ಮುದ್ದೆ ಪೊರೆ ಬಿಟ್ಟ ಬೇಸಿಗೆ

ನಮ್ಮ ಮನೆಗೆ ಹಾವು ಬರುವುದು ಹೊಸತೇನಲ್ಲ. ಹುಣಸೂರು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುವ ಯಾವ ಮನೆಗೂ ಹೊಸತಲ್ಲ. ಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕದಲ್ಲಿ ಸೌದೆ ಒಟ್ಟಿರುತ್ತೇವೆ, ಸೌದೆಯ ಸಂದಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಕೇರೆ ಹಾವೋ ನಾಗರವೋ ಬರುತ್ತದೆ. ಕೇರೆಯಾದರೆ ಅದರ ಪಾಡಿಗೆ ಬಿಡುತ್ತೇವೆ. ನಾಗರವಾದರೆ ಅಜ್ಜಿ ದೂರದಿಂದಲೇ ಕೈಮುಗಿದು, ‘ಬಂದ್ ದಾರೀಲಿ ಹೋಗಪ್ಪ’ ಅನ್ನುತ್ತಾಳೆ. ಆದರೆ 2024ರ ಮಾರ್ಚ್ ತಿಂಗಳಲ್ಲಿ ಬಂದ ಹಾವು ಕಾರಿನಲ್ಲಿ ಬಂತು. ಹಿಂದಿನ ಸೀಟಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಸೀಟ್ ಬೆಲ್ಟ್ ಹಾಕಿಸಿಕೊಂಡು.

ಅದು ನನ್ನ ಚಿಕ್ಕಪ್ಪನ ಮಗನ ಹಾವು. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಆ ವರ್ಷ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೂ ಕಾಯಬೇಕಾಗಿ ಬಂದಾಗ, ಕಂಪನಿಯವರನ್ನು ಕೇಳಿಕೊಂಡು ಮನೆಯಿಂದಲೇ ಕೆಲಸ ಮಾಡಲು ಊರಿಗೆ ಬಂದ. ಊರಿನಲ್ಲಿ ಏನು ನೀರು ಉಕ್ಕಿ ಹರಿಯುತ್ತಿತ್ತೆ? ಹಿಂದಿನ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದ ವರ್ಷ ಅದು. ಲಕ್ಷ್ಮಣತೀರ್ಥ ನದಿಯಲ್ಲಿ ಬಂಡೆಗಳೇ ಕಾಣುತ್ತಿದ್ದವು. ಹೊಗೆಸೊಪ್ಪಿನ ಸಸಿ ಮಡಿಗೆ ಹಾಕುವ ನೀರನ್ನು ಅಪ್ಪ ಬಿಂದಿಗೆ ಲೆಕ್ಕದಲ್ಲಿ ಎಣಿಸುತ್ತಿದ್ದರು.

ಹಾವಿನ ಜಾತಿ ಬಾಲ್ ಪೈಥಾನ್. ಆಫ್ರಿಕಾದ ಪಶ್ಚಿಮ ಮತ್ತು ಮಧ್ಯ ಭಾಗದ ಹಾವು. ಹೆಬ್ಬಾವಿನ ಕುಲವಾದರೂ ಗಾತ್ರ ಚಿಕ್ಕದು, ವಿಷವಿಲ್ಲ. ಹೆದರಿದರೆ ಕಚ್ಚುವುದಕ್ಕಿಂತ ಹೆಚ್ಚಾಗಿ ತಲೆಯನ್ನು ಒಳಗಿಟ್ಟು ಉಂಡೆಯಾಗಿ ಸುತ್ತಿಕೊಂಡುಬಿಡುತ್ತದೆ. ಅದಕ್ಕೇ ಆ ಹೆಸರು. ನನ್ನ ತಮ್ಮ ಅದಕ್ಕೆ ‘ಮುದ್ದೆ’ ಎಂದು ಹೆಸರಿಟ್ಟಿದ್ದ. ಮೊದಲ ದಿನ ಅದು ಉಂಡೆಯಾಗಿ ಕೂತಿದ್ದನ್ನು ಕಂಡಾಗ ನನಗೂ ಬೇರೆ ಹೆಸರು ಹೊಳೆಯಲಿಲ್ಲ.

‘ಇದನ್ನ ಸಾಕೋಕೆ ಕಾನೂನಿದೆಯೇನೋ?’ ಎಂದು ಅಪ್ಪ ಕೇಳಿದರು. ಸರಿಯಾದ ಪ್ರಶ್ನೆಯೇ. ನಮ್ಮ ನೆಲದ ಹಾವುಗಳನ್ನು, ಅದು ಹಿತ್ತಲಿನ ಕೇರೆಯೇ ಆಗಿರಲಿ, ಹಿಡಿದು ಮನೆಯಲ್ಲಿಟ್ಟುಕೊಳ್ಳುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ಹೊರದೇಶದ ಇಂಥ ಪ್ರಾಣಿಗಳನ್ನು ಸಾಕುವವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂಬ ನಿಯಮ ಅದೇ ಫೆಬ್ರುವರಿಯಲ್ಲಿ ಹೊರಬಿದ್ದಿತ್ತು. ತಮ್ಮ ಲ್ಯಾಪ್‌ಟಾಪ್ ತೆರೆದು ಅರ್ಜಿ ತೋರಿಸಿದ. ಆದರೆ ಊರಿನವರು ಅರ್ಜಿ ನೋಡುತ್ತಾರೆಯೇ? ಎರಡೇ ದಿನದಲ್ಲಿ ‘ಅವರ ಮನೇಲಿ ಎರಡು ತಲೆ ಹಾವು ಐತಂತೆ’ ಎಂಬ ಸುದ್ದಿ ಹಬ್ಬಿತು. ನಮ್ಮ ಕಡೆ ಮಣ್ಣುಮುಕ್ಕ ಹಾವಿಗೆ ಹಾಗನ್ನುತ್ತಾರೆ. ಅದರ ಬಾಲ ತಲೆಯಷ್ಟೇ ಮೊಂಡಾಗಿರುತ್ತದೆ. ಅದನ್ನು ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆಂದು ನಂಬಿಸಿ ಲಕ್ಷಗಟ್ಟಲೆಗೆ ಮಾರುವ ಜಾಲಗಳು ಆಗಾಗ ಪೊಲೀಸರ ಕೈಗೆ ಸಿಕ್ಕಿಬೀಳುತ್ತವೆ. ಒಂದು ಸಂಜೆ ಪಿರಿಯಾಪಟ್ಟಣದ ಕಡೆಯಿಂದ ಬೈಕಿನಲ್ಲಿ ಬಂದ ಇಬ್ಬರು ಅಪ್ಪನನ್ನು ಮರೆಗೆ ಕರೆದು ‘ಎಷ್ಟಕ್ಕೆ ಕೊಟ್ಟೀರಿ?’ ಎಂದು ಕೇಳಿದ್ದೂ ಆಯಿತು.

ಇದೆಲ್ಲ ನನಗೆ ಖುಷಿ ಕೊಡಬೇಕಿತ್ತು. ಯಾಕೆಂದರೆ ನನ್ನ ಪಿಎಚ್.ಡಿ. ವಿಷಯವೇ ಹಾವು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳಲ್ಲಿ ಹಾವಿನ ಸುತ್ತ ಇರುವ ನಂಬಿಕೆ, ಕಥೆ, ಆಚರಣೆಗಳು. ಐದು ವರ್ಷ ಈ ನಾಲ್ಕು ತಾಲ್ಲೂಕುಗಳ ಬಸ್‌ಸ್ಟ್ಯಾಂಡುಗಳಲ್ಲಿ ಕೂತು ಕಾದಿದ್ದೇನೆ. ಹುತ್ತಕ್ಕೆ ಹಾಲೆರೆಯುವವರನ್ನು, ಅರಳಿಕಟ್ಟೆಯ ನಾಗರಕಲ್ಲಿಗೆ ಹರಕೆ ಹೊತ್ತವರನ್ನು, ಕಾಡಂಚಿನ ಹಾಡಿಗಳ ಹಿರಿಯರನ್ನು ಮಾತನಾಡಿಸಿದ್ದೇನೆ. ಹಾವಿನ ಪೊರೆಯನ್ನು ಪರ್ಸಿನಲ್ಲಿಟ್ಟರೆ ದುಡ್ಡು ಕರಗುವುದಿಲ್ಲ ಎಂದವರು, ಬಸುರಿಯನ್ನು ಕಂಡರೆ ಹಾವಿಗೆ ಕಣ್ಣು ಕಾಣುವುದಿಲ್ಲ ಎಂದವರು, ಪೊರೆ ಬಿಟ್ಟಷ್ಟು ಸಲ ಹಾವಿಗೆ ಆಯಸ್ಸು ಮರಳುತ್ತದೆ ಎಂದವರು, ಎಲ್ಲರೂ ನನ್ನ ರೆಕಾರ್ಡರಿನಲ್ಲಿದ್ದಾರೆ. ನನ್ನ ನಾಲ್ಕನೆಯ ಅಧ್ಯಾಯದ ಹೆಸರು ‘ಪೊರೆ ಮತ್ತು ಪುನರ್ಜನ್ಮ’. ಬಹಳ ಪ್ರೀತಿಯಿಂದ ಬರೆದದ್ದು. ಅದನ್ನು ನನ್ನ ಮಾರ್ಗದರ್ಶಕರು ಅದೇ ಮಾರ್ಚ್‌ನಲ್ಲಿ ಹಿಂದಿರುಗಿಸಿದ್ದರು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಪದ: ‘ಆಧಾರ ಎಲ್ಲಿ?’ ಫೆಲೋಶಿಪ್ ಮುಗಿದಿತ್ತು. ಹಾಸ್ಟೆಲ್ ಬಿಟ್ಟು ಊರಿಗೆ ಬಂದು, ಆ ಅಧ್ಯಾಯವನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು ಹಟ ಹಿಡಿದು ಕೂತಿದ್ದೆ.

ಐದು ವರ್ಷ ಹಾವಿನ ಪೊರೆಯ ಬಗ್ಗೆ ಬರೆದ ನಾನು, ಹಾವು ಪೊರೆ ಬಿಡುವುದನ್ನು ಒಮ್ಮೆಯೂ ನೋಡಿರಲಿಲ್ಲ.

ಯುಗಾದಿಯ ಹೊತ್ತಿಗೆ ಮುದ್ದೆಯ ಬಣ್ಣ ಮಂಕಾಯಿತು. ಕಣ್ಣಿಗೆ ಹಾಲು ಬೆರೆಸಿದಂಥ ನೀಲಿ ಬಂತು. ತಮ್ಮ ತೋರಿಸಿ ಹೇಳಿದ: ‘ಅಕ್ಕ, ಪೊರೆ ಬಿಡೋಕೆ ರೆಡಿ ಆಗ್ತಿದೆ. ಈಗ ಇದಕ್ಕೆ ಸರಿಯಾಗಿ ಕಣ್ಣು ಕಾಣಲ್ಲ. ಊಟ ಹಾಕಬಾರದು, ಮುಟ್ಟಬಾರದು.’ ಹಾವಿಗೆ ರೆಪ್ಪೆಗಳಿಲ್ಲ. ಕಣ್ಣಿನ ಮೇಲೆ ಗಾಜಿನಂಥ ಒಂದು ಪಾರದರ್ಶಕ ಹುರುಪೆ ಇರುತ್ತದೆ. ಹಳೆಯ ಚರ್ಮದ ಅಡಿಯಲ್ಲಿ ಹೊಸದು ಪೂರ್ತಿ ತಯಾರಾದ ಮೇಲೆ ಎರಡರ ನಡುವೆ ದ್ರವ ತುಂಬಿಕೊಂಡು, ಅವು ಒಂದನ್ನೊಂದು ಬಿಡತೊಡಗುತ್ತವೆ. ಆ ದ್ರವದಿಂದಲೇ ಕಣ್ಣು ಮಬ್ಬಾಗಿ ಕಾಣುವುದು. ಕೆಲವು ದಿನಗಳಲ್ಲಿ ಮಬ್ಬು ಹೋಗಿ ಕಣ್ಣು ಮತ್ತೆ ತಿಳಿಯಾಗುತ್ತದೆ. ಅದಾದ ಕೆಲವು ದಿನಕ್ಕೆ ಹಾವು ಮೂತಿಯನ್ನು ಒರಟು ಕಲ್ಲಿಗೋ ಕಟ್ಟಿಗೆಗೋ ಉಜ್ಜುತ್ತದೆ. ತುಟಿಯ ಹತ್ತಿರ ಪೊರೆ ಬಿಚ್ಚಿಕೊಂಡರೆ, ಅದರಿಂದ ತೆವಳಿ ಹೊರಬರುತ್ತದೆ. ಕಾಲುಚೀಲವನ್ನು ತಿರುವಿಹಾಕಿದಂತೆ ಒಳಮೈ ಹೊರಗಾಗಿ, ಕಣ್ಣಿನ ಹುರುಪೆಯೂ ಸೇರಿ, ಇಡೀ ಪೊರೆ ಒಂದೇ ತುಂಡಾಗಿ ಬರಬೇಕು. ಎಲ್ಲ ಸರಿಯಿದ್ದರೆ.

ಸರಿಯಿರಬೇಕಾದದ್ದರಲ್ಲಿ ಮುಖ್ಯವಾದದ್ದು ತೇವ. ಪೆಟ್ಟಿಗೆಯೊಳಗೆ ತೇವಾಂಶ ತೋರಿಸುವ ಪುಟ್ಟ ಮೀಟರೊಂದಿತ್ತು. ಅದು ಅರವತ್ತರ ಮೇಲಿರಬೇಕು ಎಂದ ತಮ್ಮ. ವರ್ಷತೊಡಕಿನ ದಿನ ಬಾಡೂಟ ಮುಗಿಸಿ, ಆಫೀಸಿನ ಕೆಲಸಕ್ಕೆಂದು ಒಂದು ವಾರ ಬೆಂಗಳೂರಿಗೆ ಹೊರಟ. ಹೊರಡುವಾಗ ನನಗೆ ಚೀಟಿ ಬರೆದುಕೊಟ್ಟ: ನೀರಿನ ಬಟ್ಟಲು ತುಂಬಿಸು, ಬೆಳಿಗ್ಗೆ ಸಂಜೆ ನೀರು ಚಿಮುಕಿಸು, ಹಾಸಿದ ತೆಂಗಿನ ನಾರಿನ ಪುಡಿ ಒಣಗಲು ಬಿಡಬೇಡ.

ನಾನು ಬಿಟ್ಟೆ. ಅದಕ್ಕೆ ಎರಡು ಕಾರಣ ಹೇಳಬಲ್ಲೆ. ಒಂದು, ನನ್ನ ಅಧ್ಯಾಯ. ಬೆಳಿಗ್ಗೆ ಕೂತರೆ ಮಧ್ಯಾಹ್ನವಾದದ್ದು ತಿಳಿಯುತ್ತಿರಲಿಲ್ಲ. ಎರಡನೆಯದು ಸ್ವಲ್ಪ ಹೇಳಿಕೊಳ್ಳುವಂಥದ್ದು: ಎಪ್ಪತ್ತೈದರ ಅಜ್ಜಿ ಬೀದಿಯ ನಲ್ಲಿಯಿಂದ ಕೊಡ ಹೊತ್ತು ತರುವಾಗ, ಗಾಜಿನ ಪೆಟ್ಟಿಗೆಯ ಹಾವಿಗೆ ನೀರು ಚಿಮುಕಿಸಲು ನನಗೆ ನಾಚಿಕೆಯಾಗುತ್ತಿತ್ತು. ನಿಜ ಹೇಳಬೇಕೆಂದರೆ ಮೊದಲನೆಯದೇ ಕಾರಣ. ಎರಡನೆಯದನ್ನು ಆಮೇಲೆ ಹುಡುಕಿಕೊಂಡೆ. ಬೇಕಾಗಿದ್ದದ್ದು ದಿನಕ್ಕೆ ಎರಡು ಲೋಟ ನೀರು.

ಏಳನೆಯ ದಿನ ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯ ತುಂಬ ಪೊರೆಯ ಚೂರುಗಳು. ಒಣಗಿದ ಈರುಳ್ಳಿ ಸಿಪ್ಪೆಯಂತೆ. ಮುದ್ದೆಯ ಬೆನ್ನಿನ ಮೇಲೆ ಅಲ್ಲಲ್ಲಿ ಬಿಳಿ ತೇಪೆ. ಬಾಲದ ತುದಿಯಲ್ಲಿ ಉಂಗುರದಂತೆ ಬಿಗಿದ ಪೊರೆ. ಎಡಗಣ್ಣು ಹೊಳೆಯುತ್ತಿತ್ತು, ಬಲಗಣ್ಣು ಹಳೆಯ ಪ್ಲಾಸ್ಟಿಕ್ಕಿನಂತೆ ಸುಕ್ಕುಗಟ್ಟಿತ್ತು. ಮೀಟರ್ ನೋಡಿದೆ. ಮೂವತ್ನಾಲ್ಕು.

ನನಗೆ ಗಾಬರಿಯಾದಾಗ ಕೈ ಸುಮ್ಮನಿರುವುದಿಲ್ಲ. ಬೆನ್ನಿನ ಮೇಲೆ ಎದ್ದಿದ್ದ ಒಂದು ತೇಪೆಯನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದೆ. ಬಂತು. ಇನ್ನೊಂದನ್ನು ಎಳೆದೆ. ಅದು ಬರಲಿಲ್ಲ. ಇನ್ನೂ ಸ್ವಲ್ಪ ಎಳೆದೆ. ಬಂದಾಗ ಅದರ ಜೊತೆ ಹೊಸ ಹುರುಪೆಯೂ ಎದ್ದುಬಂದು, ಅಕ್ಕಿಕಾಳಿನಷ್ಟು ಜಾಗದಲ್ಲಿ ಕೆಂಪಗೆ ಜಿನುಗಿತು. ಮುದ್ದೆ ಕಚ್ಚಲಿಲ್ಲ. ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಯಿತು.

ಫೋನಿನಲ್ಲಿ ತಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ‘ಅಕ್ಕ, ಎಳೀಬೇಡ. ಕಣ್ಣಂತೂ ಮುಟ್ಟಲೇಬೇಡ’ ಎಂದಷ್ಟೇ ಹೇಳಿ, ತಾನು ಕೇಳಿ ತಿಳಿದುಕೊಂಡಿದ್ದ ಮೈಸೂರಿನ ಪಶುವೈದ್ಯರೊಬ್ಬರ ನಂಬರ್ ಕೊಟ್ಟ. ವೈದ್ಯರು ವೀಡಿಯೋದಲ್ಲಿ ನೋಡಿ ವಿವರಿಸಿದರು. ಕಣ್ಣಿನ ಹುರುಪೆಯನ್ನು ಚಿಮಟದಿಂದಲೋ ಉಗುರಿನಿಂದಲೋ ಕೀಳಲು ಹೋದರೆ ಅಡಿಯ ಹೊಸ ಹುರುಪೆಯೂ ಕಿತ್ತುಬಂದು ಕಣ್ಣೇ ಹೋಗಬಹುದು. ತೇವ ಸರಿಮಾಡಿದರೆ ಮುಂದಿನ ಪೊರೆಯ ಜೊತೆ ಅದು ತಾನಾಗಿ ಬರುವ ಸಾಧ್ಯತೆಯೇ ಹೆಚ್ಚು. ಆದರೆ ಬಾಲದ ಉಂಗುರ ಕಾಯುವಂಥದ್ದಲ್ಲ. ಅದು ಒಣಗಿ ಬಿಗಿಯುತ್ತ ಹೋದರೆ ರಕ್ತ ಓಡದೆ ಬಾಲದ ತುದಿ ಸತ್ತುಹೋಗುತ್ತದೆ. ಅದನ್ನು ನೆನೆಸಿ, ಮೆತ್ತಗಾಗಿಸಿ, ಇವತ್ತೇ ಬಿಡಿಸಬೇಕು. ಗಾಯಕ್ಕೆ ಹಚ್ಚುವ ಔಷಧಿಯನ್ನೂ ಹೇಳಿದರು.

ಅಷ್ಟರಲ್ಲಿ ಅಜ್ಜಿ ಗೋಡೆ ಹಿಡಿದುಕೊಂಡು ಕೋಣೆಗೆ ಬಂದಳು. ಅವಳಿಗೆ ಎರಡೂ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷವಾಗಿತ್ತು. ‘ಏನಾಯ್ತಮ್ಮಿ?’ ಎಂದಳು. ಹೇಳಿದೆ. ಒಂದು ಪೊರೆಯ ಚೂರನ್ನು ಕೈಗೆ ಕೊಟ್ಟೆ. ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಉಜ್ಜಿದಳು. ಅದು ಪುಡಿಯಾಯಿತು.

‘ಹದ ಬಂದಿಲ್ಲ ಕಣಮ್ಮಿ ಇದು. ಹದ ಬರೋಗಂಟ ಮುಟ್ಟಬಾರ್ದು. ನೀನು ಬ್ಯಾರನ್ ಬಾಗ್ಲು ತಗದ್ ತಕ್ಷಣ ಸೊಪ್ಪು ಇಳಿಸ್ತೀಯಾ?’

ಹೊಗೆಸೊಪ್ಪಿನ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಬ್ಯಾರನ್ನಿನಲ್ಲಿ ಕಡ್ಡಿಗಳಿಗೆ ಕಟ್ಟಿದ ಸೊಪ್ಪು ಐದಾರು ದಿನ ಬಿಸಿಯಲ್ಲಿ ಹಳದಿಗೆ ತಿರುಗಿ, ಒಣಗಿ, ಕೊನೆಗೆ ನಡುವಿನ ದಂಟೂ ಒಣಗಿದಾಗ ಬೇಯಿಸುವುದು ಮುಗಿಯುತ್ತದೆ. ಆಗ ಅದನ್ನು ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಇಡೀ ವರ್ಷದ ದುಡಿಮೆ ಕೈಯಲ್ಲೇ ಉದುರಿಹೋಗುತ್ತದೆ. ಅದಕ್ಕೇ ರಾತ್ರಿ ಬಾಗಿಲು ಕಿಟಕಿ ತೆರೆದಿಟ್ಟು ಸೊಪ್ಪು ಗಾಳಿಯ ತೇವ ಕುಡಿಯಲು ಬಿಡುತ್ತೇವೆ. ಬೆಳಗಿನ ಜಾವ ಅದು ಬಟ್ಟೆಯಂತೆ ಮೆತ್ತಗಾದ ಮೇಲೆ ಇಳಿಸುವುದು. ಆ ಮೆತ್ತಗಾಗುವುದೇ ಹದ. ಅಜ್ಜಿ ಕತ್ತಲಲ್ಲಿ ಒಂದು ಎಲೆ ಮುಟ್ಟಿ ಹದ ಹೇಳಬಲ್ಲವಳು. ಅವಳಿಗೆ ಕಣ್ಣು ಬೇಕಾಗಿರಲಿಲ್ಲ.

ಅಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಬೆರಳಿಗೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಎನ್ನುವಂಥ ನೀರು ಹಾಕಿದೆವು. ಹಾವಿನ ಅರ್ಧ ಮೈ ಮುಳುಗುವಷ್ಟು, ತಲೆ ಸಲೀಸಾಗಿ ಮೇಲಿರುವಷ್ಟು. ಇಪ್ಪತ್ತು ನಿಮಿಷ ಪಕ್ಕದಲ್ಲೇ ಕೂತಿದ್ದೆವು. ಆಮೇಲೆ ಅಜ್ಜಿ ತನ್ನ ಹಳೆಯ ನೂಲಿನ ಸೀರೆಯ ತುಂಡೊಂದನ್ನು ನೆನೆಸಿ ಹಿಂಡಿ, ಮಡಿಕೆ ಮಡಿಕೆಯಾಗಿ ತೊಡೆಯ ಮೇಲೆ ಹಾಸಿಕೊಂಡಳು. ‘ಬುಡು ಅದ್ನ ಇದರೊಳಕ್ಕೆ. ಅದೇ ನುಗ್ಗಿ ಬರ್ಲಿ’ ಎಂದಳು. ವೈದ್ಯರು ಹೇಳಿದ್ದೂ ಅದನ್ನೇ: ಒದ್ದೆ ಬಟ್ಟೆಯ ನಡುವೆ ಹಾವು ತಾನಾಗಿ ಹಾದುಹೋಗಲಿ, ಎಷ್ಟು ಬಿಗಿ ಬೇಕೆಂದು ಅದಕ್ಕೇ ಗೊತ್ತು. ನಾನು ಹಾವನ್ನು ಅಜ್ಜಿಯ ತೊಡೆಯ ಮೇಲಿಟ್ಟೆ. ಜೀವನವಿಡೀ ಹಾವಿಗೆ ದೂರದಿಂದ ಕೈಮುಗಿದವಳು, ಒದ್ದೆ ಸೀರೆಯ ಮೇಲಿಂದ ಅದರ ಮೈಗೆ ಅಂಗೈ ಒತ್ತಿ ಸುಮ್ಮನೆ ಕೂತಳು. ಮುದ್ದೆ ಒಂದು ಮಡಿಕೆಯಿಂದ ಇನ್ನೊಂದಕ್ಕೆ ನುಗ್ಗಿತು. ತೇಪೆಗಳು ಒಂದೊಂದಾಗಿ ಬಟ್ಟೆಗೆ ಅಂಟಿಕೊಂಡು ಬಂದವು. ಕೊನೆಗೆ ಬಾಲದ ಉಂಗುರವನ್ನು ಅಜ್ಜಿ ಬಟ್ಟೆಯಿಂದ ಸುತ್ತಿ ಹಿಡಿದುಕೊಂಡಳು. ಎಳೆಯಲಿಲ್ಲ, ಹಿಡಿದಳು ಅಷ್ಟೆ. ಹಾವು ಮುಂದಕ್ಕೆ ಸರಿಯಿತು, ಉಂಗುರ ಹಿಂದೆ ಉಳಿಯಿತು.

ಬಲಗಣ್ಣಿನ ಹುರುಪೆ ಹಾಗೇ ಇತ್ತು. ಅದನ್ನು ಮುಟ್ಟಲಿಲ್ಲ.

ಮುಂದಿನ ಆರು ವಾರ ನಾನು ಮೀಟರ್ ನೋಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಅಪ್ಪನ ಸಸಿ ಟ್ರೇಗಳಿಗೆ ತಂದಿದ್ದ ತೆಂಗಿನ ನಾರಿನ ಪುಡಿಯಲ್ಲೇ ಒಂದು ಬೊಗಸೆ ತೆಗೆದು, ನೆನೆಸಿ, ಮುಚ್ಚಳದಲ್ಲಿ ತೂತು ಮಾಡಿದ ಡಬ್ಬಿಯೊಂದಕ್ಕೆ ತುಂಬಿ ಒಳಗಿಟ್ಟೆ. ಹಾವು ಹೆಚ್ಚು ಹೊತ್ತು ಅದರಲ್ಲೇ ಇರುತ್ತಿತ್ತು. ಉಜ್ಜಿಕೊಳ್ಳಲು ಬ್ಯಾರನ್ನಿನ ಪಕ್ಕದ ಒಂದು ಒರಟು ಕಲ್ಲನ್ನು ತೊಳೆದು ಇಟ್ಟೆ. ಮೇ ತಿಂಗಳಲ್ಲಿ ಮಳೆ ಬಂತು. ಸಸಿ ನಾಟಿ ಶುರುವಾಯಿತು. ಮೀಟರ್ ತಾನಾಗಿಯೇ ಎಪ್ಪತ್ತು ದಾಟಿತು. ತಿಂಗಳ ಕೊನೆಗೆ ಮುದ್ದೆಯ ಕಣ್ಣು ಮತ್ತೆ ಹಾಲುನೀಲಿಯಾಯಿತು.

ಕಣ್ಣು ತಿಳಿಯಾದ ಮೇಲೆ ಒಂದು ರಾತ್ರಿ ನೋಡಿದೆ. ಹನ್ನೊಂದು ಗಂಟೆಗೆ ಅದು ಕಲ್ಲಿಗೆ ಮೂತಿ ಉಜ್ಜಲು ಶುರುಮಾಡಿತು. ಎಡಗೆನ್ನೆ, ಬಲಗೆನ್ನೆ, ಮತ್ತೆ ಎಡಗೆನ್ನೆ. ಅದರಲ್ಲಿ ಗಾಂಭೀರ್ಯವೇನೂ ಇರಲಿಲ್ಲ. ತುರಿಕೆಗೆ ಎಮ್ಮೆ ಕಂಬಕ್ಕೆ ಮೈ ಉಜ್ಜಿದಂತಿತ್ತು. ತುಟಿಯ ಬಳಿ ಬಿಚ್ಚಿಕೊಂಡ ಮೇಲೆ ಕೆಲಸ ಸಲೀಸಾಯಿತು. ಪೊರೆ ಹಿಂದಕ್ಕೆ ಮಡಚಿಕೊಳ್ಳುತ್ತ ಹೋಯಿತು. ಆಗಾಗ ನಿಂತು ಸುಧಾರಿಸಿಕೊಂಡಿತು. ಎಲ್ಲ ಮುಗಿದಾಗ ನಾನು ಪೊರೆಯ ತಲೆಯ ಭಾಗವನ್ನು ದೀಪಕ್ಕೆ ಹಿಡಿದು ನೋಡಿದೆ. ಎರಡೂ ಕಣ್ಣಿನ ಜಾಗದಲ್ಲಿ ಪುಟ್ಟ ಗಾಜಿನ ಬಟ್ಟಲುಗಳು. ಬಲಗಡೆಯದು ಮಾತ್ರ ಎರಡು ಪದರದಷ್ಟು ದಪ್ಪ. ಹಳೆಯದೂ ಹೊಸದೂ ಒಟ್ಟಿಗೆ ಬಂದಿದ್ದವು. ಬೆನ್ನಿನ ಮೇಲೆ ನಾನು ಕಿತ್ತ ಜಾಗದಲ್ಲಿ ಪೊರೆಯಲ್ಲಿ ಸಣ್ಣ ತೂತಿತ್ತು. ಮುದ್ದೆಯ ಮೈಮೇಲೆ ಅಲ್ಲಿ ಇವತ್ತಿಗೂ ಒಂದು ಕಲೆಯಿದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ‘ಕಾಯುವುದೇ ಎಲ್ಲದಕ್ಕೂ ಮದ್ದು’ ಎಂದು ಬರೆದು ನಿಲ್ಲಿಸಬಹುದಿತ್ತು. ಆದರೆ ಅಜ್ಜಿಯೂ ಕಾಯುತ್ತಿದ್ದಳಲ್ಲ.

ಕಣ್ಣಿನ ಪೊರೆ ‘ಹಣ್ಣಾಗಬೇಕು’, ಆಮೇಲೆ ತೆಗೆಸಬೇಕು ಎಂಬುದು ಅವಳ ಕಾಲದ ತಿಳಿವಳಿಕೆ. ನಾಲ್ಕು ವರ್ಷದಿಂದ ‘ಹಣ್ಣಾಗ್ಲಿ ಬುಡು’ ಎನ್ನುತ್ತ ಬಂದಿದ್ದಳು. ನಾನೂ ‘ಥೀಸಿಸ್ ಮುಗೀಲಿ, ಕರ್ಕೊಂಡು ಹೋಗ್ತೀನಿ’ ಎನ್ನುತ್ತ ಬಂದಿದ್ದೆ. ಇಬ್ಬರಿಗೂ ಅನುಕೂಲವಾಗಿತ್ತು. ಜೂನ್‌ನಲ್ಲಿ ಮೈಸೂರಿಗೆ ಕರೆದುಕೊಂಡು ಹೋದಾಗ ಕಣ್ಣಿನ ಡಾಕ್ಟರು ನೋಡಿ, ‘ಇಷ್ಟು ದಿನ ಯಾಕೆ ಬಿಟ್ರಿ?’ ಎಂದು ಕೇಳಿದರು. ಇದು ಹಾವಿನ ಪೊರೆಯಂತೆ ಮೇಲಿನ ಪದರವಲ್ಲ. ಕಣ್ಣೊಳಗಿನ ಮಸೂರವೇ ಮಬ್ಬಾಗಿರುತ್ತದೆ. ತಾನಾಗಿ ಎಂದೂ ಕಳಚುವುದಿಲ್ಲ. ಹಣ್ಣಾಗಲಿ ಎಂದು ಬಿಟ್ಟರೆ ಗಟ್ಟಿಯಾಗಿ ಆಪರೇಷನ್ ಕಷ್ಟವಾಗುತ್ತದೆ, ಒಮ್ಮೊಮ್ಮೆ ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ಈಗಿನ ವಿಧಾನದಲ್ಲಿ ಸಣ್ಣ ಸೀಳು ಮಾಡಿ, ಮಬ್ಬಾದ ಮಸೂರವನ್ನು ತೆಗೆದು ಕೃತಕ ಮಸೂರ ಕೂರಿಸುತ್ತಾರೆ. ಕಾಯುವ ಅಗತ್ಯವೇ ಇರಲಿಲ್ಲ. ನಾನು ಸಂಶೋಧಕಿ. ನಾಲ್ಕು ವರ್ಷದಲ್ಲಿ ಒಮ್ಮೆ ಯಾರನ್ನಾದರೂ ಕೇಳಿ ತಿಳಿದುಕೊಳ್ಳಬಹುದಾಗಿದ್ದ ಮಾತು ಅದು.

ಕನ್ನಡದಲ್ಲಿ ಎರಡಕ್ಕೂ ಒಂದೇ ಪದ: ಪೊರೆ. ಇನ್ನೊಂದು ‘ಪೊರೆ’ಯೂ ಇದೆ. ಕಾಪಾಡು, ಸಲಹು ಎಂಬ ಕ್ರಿಯಾಪದ. ನನ್ನ ಅಧ್ಯಾಯದಲ್ಲಿ ಈ ಮೂರನ್ನೂ ಹೆಣೆದು ಒಂದು ಚಂದದ ಪ್ಯಾರಾ ಬರೆದಿದ್ದೆ. ಈಗ ಓದಿದರೆ ಅದು ಪದಗಳ ಆಟದಂತೆ ಕಾಣಿಸಿತು. ಪದ ಒಂದೇ ಆಗಿದ್ದರೂ ಒಂದು ಪೊರೆಯನ್ನು ಎಳೆಯಬಾರದು, ಇನ್ನೊಂದನ್ನು ಬಿಡಬಾರದು. ಒಂದೇ ಹಾವಿನ ಮೈಮೇಲೂ ಕಣ್ಣಿನದು ಕಾಯಬಹುದು, ಬಾಲದ್ದು ಕಾಯುವಂತಿಲ್ಲ. ಯಾವುದು ಯಾವುದೆಂದು ತಿಳಿಯಲು ಹತ್ತಿರ ಹೋಗಿ, ಕೈಯಿಂದ ಮುಟ್ಟಿ, ತಿಳಿದವರನ್ನು ಕೇಳಬೇಕು. ‘ಆಧಾರ ಎಲ್ಲಿ?’ ಎಂಬ ಪ್ರಶ್ನೆ ನನ್ನನ್ನು ಅವಮಾನಿಸಲು ಕೇಳಿದ್ದಲ್ಲ ಎಂದು ಆಗ ತಿಳಿಯಿತು.

ಅಧ್ಯಾಯವನ್ನು ಪೂರ್ತಿ ಬಿಸಾಡಲಿಲ್ಲ. ‘ಪುನರ್ಜನ್ಮ’ವನ್ನು ಹೆಸರಿನಿಂದ ತೆಗೆದೆ. ಹಳೆಯ ರೆಕಾರ್ಡಿಂಗುಗಳನ್ನು ಮತ್ತೆ ಕೇಳಿದೆ. ಆಶ್ಚರ್ಯವೆಂದರೆ ಜನ ಬರೀ ಪುನರ್ಜನ್ಮದ ಮಾತಾಡಿರಲಿಲ್ಲ. ಕೆ.ಆರ್.ನಗರದ ಗದ್ದೆ ಬಯಲಿನ ಒಬ್ಬ ರೈತ, ಪೊರೆ ಸಿಕ್ಕ ಬದುವಿನಲ್ಲಿ ಎರಡು ದಿನ ಹುಷಾರಾಗಿ ನಡೆಯಬೇಕು, ಹಾವು ಹತ್ತಿರದಲ್ಲೇ ಇರುತ್ತದೆ ಎಂದಿದ್ದ. ಎಚ್.ಡಿ.ಕೋಟೆಯ ಕಾಡಂಚಿನ ಒಬ್ಬ ಹೆಂಗಸು, ಕಣ್ಣು ಮಂಜಾದ ಹಾವಿನ ತಂಟೆಗೆ ಹೋಗಬಾರದು, ಅದಕ್ಕೆ ಕಾಣುವುದಿಲ್ಲ, ಹೆದರಿಕೆ ಜಾಸ್ತಿ ಎಂದಿದ್ದಳು. ಅವೆಲ್ಲ ನೋಡಿದವರ ಮಾತುಗಳು. ನನ್ನ ವಾದಕ್ಕೆ ಬೇಡವೆಂದು ನಾನೇ ಬಿಟ್ಟಿದ್ದೆ. ಬಸುರಿಯನ್ನು ಕಂಡ ಹಾವಿಗೆ ಕಣ್ಣು ಕಾಣುವುದಿಲ್ಲ ಎಂಬ ನಂಬಿಕೆಯ ಹಿಂದೆಯೂ ಯಾರೋ ಎಂದೋ ಕಂಡ ಹಾಲುನೀಲಿ ಕಣ್ಣಿರಬಹುದೇ? ಇರಬಹುದು ಎಂದು ನನಗನ್ನಿಸುತ್ತದೆ. ಆದರೆ ಆಧಾರವಿಲ್ಲ. ಆದ್ದರಿಂದ ಪ್ರಬಂಧದಲ್ಲಿ ಬರೆದಿಲ್ಲ, ಇಲ್ಲಿ ಬರೆದಿದ್ದೇನೆ.

ಅಜ್ಜಿಯ ಬಲಗಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮೇಲೆ ಊರಿಗೆ ಕರೆತಂದೆ. ಕಪ್ಪು ಕನ್ನಡಕ ಹಾಕಿಕೊಂಡು ಮನೆಯನ್ನೆಲ್ಲ ಒಂದು ಸುತ್ತು ಬಂದಳು. ಗೋಡೆಯ ಬಣ್ಣ ಇಷ್ಟು ಕೊಳೆಯಾಗಿರುವುದನ್ನು ಯಾರೂ ಹೇಳಲಿಲ್ಲವೆಂದು ಅಮ್ಮನನ್ನು ಬೈದಳು. ‘ನೀನು ಇಷ್ಟು ಸೊರಗಿದ್ದೀಯಾ ಮಗ?’ ಎಂದು ನನ್ನ ಕೆನ್ನೆ ಸವರಿದಳು. ಆಮೇಲೆ ಕೋಣೆಗೆ ಹೋಗಿ ಗಾಜಿನ ಪೆಟ್ಟಿಗೆಯ ಮುಂದೆ ಬಗ್ಗಿದಳು. ಹೊಸ ಪೊರೆಯಲ್ಲಿ ಮಿರಮಿರ ಮಿಂಚುತ್ತಿದ್ದ ಮುದ್ದೆ ತಲೆಯೆತ್ತಿ ನಾಲಿಗೆ ಚಾಚಿತು.

ಅಜ್ಜಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು.

‘ಅಯ್ಯೋ ಶಿವ್ನೆ, ಇದು ನಿಜವಾಗ್ಲೂ ಹಾವು ಕಣಮ್ಮಿ!’

ಅಂದಿನಿಂದ ಅವಳು ಅದನ್ನು ಮುಟ್ಟಿಲ್ಲ. ಬಾಗಿಲಲ್ಲೇ ನಿಂತು ಕೈಮುಗಿದು, ಮೀಟರ್ ಎಷ್ಟು ತೋರಿಸುತ್ತಿದೆ ಎಂದು ಕೇಳಿ ಹೋಗುತ್ತಾಳೆ.